ಬಾಗಿಲು ಹಿಡಿದ ಮನೆ

ನಮ್ಮ ಊರಿಗೆ ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಬಾಗಿಲನ್ನು ನೋಡುತ್ತಾರೆ. ಕಾಫಿ ಲೋಟ ಕೈಗೆ ಬರುವುದರೊಳಗೆ ಹುಡುಗನ ಸೋದರಮಾವನೋ ದೊಡ್ಡಪ್ಪನೋ ಎದ್ದು, ಎಲೆಅಡಿಕೆ ಉಗುಳುವ ನೆಪದಲ್ಲಿ ಹೊಸ್ತಿಲ ಹತ್ತಿರ ಹೋಗಿ, ಬಾಗಿಲ ಅಂಚನ್ನು ಬೆರಳಿನಿಂದ ಸವರಿ ಬರುತ್ತಾನೆ. ಅಂಚನ್ನು ತೀರಾ ಕೀಸಿಸಿದ್ದರೆ, ಚೌಕಟ್ಟಿನ ಪಕ್ಕದಲ್ಲಿ ಬೆರಳು ತೂರುವಷ್ಟು ಸಂದಿದ್ದರೆ, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದುಬಿಡುತ್ತಾರೆ. ಆ ಕಾಗದ ಬರುವುದಿಲ್ಲ. ನಮ್ಮಲ್ಲಿ ಹೆದರಿಕೆ ಹೊಕ್ಕ ಮನೆಯ ಬಾಗಿಲು ಹಿಡಿಯುತ್ತದೆ. ಉಬ್ಬಿ, ಚೌಕಟ್ಟಿಗೆ ಕಚ್ಚಿಕೊಂಡು, ಒಳಗಿನವರನ್ನು ಒಳಗೆ, ಹೊರಗಿನವರನ್ನು ಹೊರಗೆ ಇಟ್ಟುಬಿಡುತ್ತದೆ. ಕೊಡಲಿ ಬೀಸಿದರೆ ಕೊಡಲಿಯ ಬಾಯಿ ಮುರಿಯುತ್ತದೆಯೇ ಹೊರತು ಬಾಗಿಲ ಮೇಲೆ ಗೀರೂ ಬೀಳುವುದಿಲ್ಲ. ಮುಂಬಾಗಿಲು ಹಿಡಿದರೆ ಹಿತ್ತಲ ಬಾಗಿಲೂ ಜೊತೆಗೇ ಹಿಡಿಯುತ್ತದೆ. ಹೆದರಿಕೆ ಇಳಿದಾಗ ಎರಡೂ ತಾವಾಗಿ ಸಡಿಲವಾಗುತ್ತವೆ. ಆಮೇಲೆ ಬಡಗಿ ರಾಯಪ್ಪನನ್ನು ಕರೆಸಿ, ಮುಂದಿನ ಸಲಕ್ಕೆ ಆಗಲಿ ಎಂದು ಅಂಚು ಕೀಸಿಸುತ್ತಾರೆ. ಮುಂದಿನ ಸಲ ಆ ಬಾಗಿಲು ಅಷ್ಟೇ ಹೆಚ್ಚು ಉಬ್ಬುತ್ತದೆ. ರಾಯಪ್ಪನ ಹೊಟ್ಟೆಪಾಡೂ ನಡೆಯಬೇಕಲ್ಲ.

ಇದಕ್ಕೆ ನಾವು ಒಗ್ಗಿಕೊಂಡಿದ್ದೇವೆ. ಪ್ರತಿ ಮನೆಗೂ ಬಾಗಿಲ ಪಕ್ಕ ಎತ್ತರದಲ್ಲಿ ಒಂದು ಬೆಳಕಿಂಡಿ, ಅದರಲ್ಲಿ ಒಂದು ಹಗ್ಗ, ಹಗ್ಗಕ್ಕೆ ಒಂದು ಬುಟ್ಟಿ. ಬಾಗಿಲು ಹಿಡಿದ ಮನೆಗೆ ಅಕ್ಕಪಕ್ಕದವರು ಸೊಪ್ಪು, ಹಾಲು, ಸುದ್ದಿ ಎಲ್ಲವನ್ನೂ ಬುಟ್ಟಿಯಲ್ಲೇ ಏರಿಸುತ್ತಾರೆ. ಹಂಚಿನ ಮನೆಯವರಾದರೆ ಹಂಚು ತೆಗೆದು ಏಣಿ ಇಳಿಸುವುದೂ ಉಂಟು. ನಮ್ಮದು ಕಲ್ಲುಚಪ್ಪಡಿಯ ಮನೆ. ನನ್ನ ಗಂಡ ಕಟ್ಟಿಸಿದ್ದು. ಮದಲೇನ ಇರುವ ಮನೆಯ ಬಾಗಿಲು ಯಾಕೆ ಹಿಡಿಯುತ್ತೆ, ಹಂಚು ಯಾಕೆ ಬೇಕು ಎಂದು ಎದೆಯುಬ್ಬಿಸಿಕೊಂಡು ಚಪ್ಪಡಿ ಹಾಕಿಸಿದ ಪುಣ್ಯಾತ್ಮ.

ಮದಲೇನ ಎಂದರೆ ನಾನು. ನಮ್ಮ ಬೀದಿಯಲ್ಲಿ ಸಂಜೆಯ ಜಪಸರ ಶುರುಮಾಡುವವಳು ನಾನೇ. ನನ್ನ ಬಾಗಿಲು ಒಂದು ದಿನಕ್ಕೂ ಹಿಡಿದದ್ದಿರಲಿಲ್ಲ. ಗಂಡ ತೀರಿಕೊಂಡಾಗಲೂ ಪೆಟ್ಟಿಗೆ ಸಲೀಸಾಗಿ ಹೊರಗೆ ಹೋಯಿತು, ಎಷ್ಟೋ ಮನೆಗಳಲ್ಲಿ ಹೀಗಾಗುವುದಿಲ್ಲ. ಊರಲ್ಲಿ ಯಾರದೇ ಬಾಗಿಲು ಹಿಡಿಯಲಿ, ಮೊದಲು ನನಗೇ ಹೇಳಿಕಳಿಸುತ್ತಿದ್ದರು. ನಾನು ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಬಾಗಿಲ ಮುಂದೆ ನಿಂತು, "ವಿಶ್ವಾಸ ಇಡ್ರಮ್ಮ, ವಿಶ್ವಾಸ ಇಟ್ಟೋರ ಬಾಗ್ಲು ಹಿಡಿಯಲ್ಲ, ಹೆದರಬೇಡಿ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ಒಂದು ಜಪಸರ ಮುಗಿಸಿ ಬರುತ್ತಿದ್ದೆ. ಇವತ್ತಲ್ಲದಿದ್ದರೆ ನಾಳೆ ಬಾಗಿಲು ತೆರೆಯುತ್ತಿತ್ತು. "ಹೇಗೂ ತೆರೆಯೋ ಬಾಗ್ಲಿಗೆ ಇವಳೊಬ್ಬಳು ದೊಣ್ಣೆನಾಯಕಿ" ಎಂದು ಸೂಲಗಿತ್ತಿ ಬ್ರಿಜಿತಮ್ಮ ಯಾರ ಹತ್ತಿರವೋ ಆಡಿದ್ದಳಂತೆ. ಆಡಲಿ. ಅವಳ ಗಂಡ ಸತ್ತ ವರ್ಷ ಅವಳ ಬಾಗಿಲು ಇಡೀ ಮಳೆಗಾಲ ಹಿಡಿದಿತ್ತು. ನಾನು ಕೊಡೆ ಹಿಡಿದುಕೊಂಡು ದಿನಾ ಹೋಗಿ ಆಚೆ ನಿಂತು ಧೈರ್ಯ ಹೇಳಿದ್ದೆ. ಕೊನೆಗೆ ಬಾಗಿಲು ತೆರೆದು ಹೊರಗೆ ಬಂದವಳು ಎದುರಿಗೆ ಸಿಕ್ಕಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋದಳು. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಒಳ್ಳೆಯ ಮಾತಿಗೂ ಮುನಿಸಿಕೊಳ್ಳುವವರಿದ್ದಾರಲ್ಲ ಎಂದು ನಾನೂ ಬಿಟ್ಟೆ.

ಗುಡ್ಡದ ಆಚೆ ಹೊಡೆದಾಟ ಶುರುವಾದದ್ದು ಬೇಸಿಗೆಯ ಕೊನೆಗೆ. ಯಾರು ಯಾರನ್ನು ಹೊಡೆಯುತ್ತಿದ್ದರೋ ನಮಗೆ ತಿಳಿಯದು. ಮೊದಮೊದಲು ಸಿಡಿಗುಂಡಿನ ಸದ್ದು ದೂರದಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ ಕೇಳುತ್ತಿತ್ತು. ಬರಬರುತ್ತಾ ಎದೆಗೆ ಗುದ್ದಿದ ಹಾಗಾಯಿತು. ಆ ಕಡೆಯಿಂದ ಗಂಟುಮೂಟೆ ಹೊತ್ತ ಜನ ನಮ್ಮ ಊರನ್ನು ಹಾದುಹೋದರು. ನೀರು ಕೊಟ್ಟರೆ ಕುಡಿದರು, ಏನಾಯಿತು ಎಂದು ಕೇಳಿದರೆ ತಲೆ ತಗ್ಗಿಸಿದರು. ನನ್ನ ಮಗ ಚೌರಪ್ಪ ಆ ಸದ್ದು ಶುರುವಾಗುವುದಕ್ಕೆ ಮುಂಚೆಯೇ ಉಪ್ಪಿನ ಲಾರಿ ಹೊಡೆದುಕೊಂಡು ಗುಡ್ಡ ದಾಟಿ ಹೋಗಿದ್ದ. ಸಂತೆಯ ದಿನಕ್ಕೆ ಬಂದುಬಿಡುತ್ತೇನೆ ಅಂದಿದ್ದ. ಸಂತೆಗಳು ಬಂದವು, ಹೋದವು, ಅವನು ಬರಲಿಲ್ಲ. ಮನೆಯಲ್ಲಿ ಅವನ ಹೆಂಡತಿ ಲೂಸಿಯಾ ತುಂಬಿದ ಬಸುರಿ.

ಊರಿನ ಬಾಗಿಲುಗಳು ಒಂದೊಂದಾಗಿ ಹಿಡಿದವು. ನನಗೆ ಬಿಡುವೇ ಇರಲಿಲ್ಲ. ಒಂದು ಬಾಗಿಲ ಮುಂದೆ ಜಪಸರ ಮುಗಿಯುವುದರೊಳಗೆ ಇನ್ನೊಂದು ಮನೆಯಿಂದ ಕೂಗುತ್ತಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ ಹಾಲು ತರಲು ಚೊಂಬು ಹಿಡಿದುಕೊಂಡು ನನ್ನ ಮನೆಯ ಬಾಗಿಲು ಎಳೆದರೆ, ಅದು ಬರಲಿಲ್ಲ. ಮತ್ತೆ ಎಳೆದೆ. ಕಾಲು ಕೊಟ್ಟು ಎಳೆದೆ. ಗೋಡೆಯನ್ನು ಎಳೆದ ಹಾಗಿತ್ತು. ಹಿಂತಿರುಗಿ ನೋಡಿದರೆ ಲೂಸಿಯಾ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು ಸೊಪ್ಪು ಬಿಡಿಸುತ್ತಿದ್ದಳು. ನನಗೆ ಅಯ್ಯೋ ಅನ್ನಿಸಿತು. ಹುಡುಗಿಗೆ ತಾಯಿತಂದೆ ಇಲ್ಲ, ಮಠದ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ಚೊಚ್ಚಲ ಬಸುರಿ. ಗಂಡನ ಸುದ್ದಿಯಿಲ್ಲ. "ಹೆದರ್ಕೊಂಡೆಯಾ ಮಗಳೇ?" ಅಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಬಾಗಿಲು ಹಿಡಿದ ನನ್ನ ಕೈಯನ್ನೂ ನೋಡಿದಳು. ಆಮೇಲೆ, "ಹ್ಞೂ ಅತ್ತೆ" ಅಂದಳು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಉಪಚಾರ. ಸದ್ದು ಕಿವಿಗೆ ಬೀಳದಿರಲಿ ಎಂದು ಅವಳ ಹಾಸಿಗೆಯನ್ನು ನಡುಮನೆಗೆ ಹಾಕಿದೆ. ಬೆಳಿಗ್ಗೆ ಸಂಜೆ ಹಣೆಗೆ ತೀರ್ಥ ಹಚ್ಚಿದೆ. ಗಂಜಿ ಕುಡಿಸುವಾಗ ಒಂದು ಸಲ, ತಲೆ ಬಾಚುವಾಗ ಒಂದು ಸಲ, ಮಲಗುವಾಗ ಒಂದು ಸಲ "ಹೆದರಬೇಡ ಕಣೇ" ಎಂದು ಹೇಳಿದೆ. ಅವಳು ಎಲ್ಲದಕ್ಕೂ "ಹ್ಞೂ ಅತ್ತೆ" ಅನ್ನುತ್ತಿದ್ದಳು. ಪಕ್ಕದ ಮನೆಯ ರಾಯಪ್ಪ ಬೆಳಕಿಂಡಿಯ ಕೆಳಗೆ ನಿಂತು, "ಏನಕ್ಕಾ ಇದು, ನಿಮ್ಮ ಬಾಗ್ಲೂ ಹಿಡಿದ್ಬಿಡ್ತಾ!" ಎಂದು ಕಣ್ಣು ಕಣ್ಣು ಬಿಟ್ಟಾಗ, ನಾನು ಬೀದಿಗೆಲ್ಲ ಕೇಳಲಿ ಎಂದೇ, "ಏನ್ ಮಾಡೋದಪ್ಪಾ, ಚಿಕ್ಕ ಹುಡುಗಿ, ಸೊಸೆಗೆ ಭಯ ಹತ್ಬಿಟ್ಟಿದೆ" ಅಂದೆ. ಒಳಗೆ ಸೊಪ್ಪು ಬಿಡಿಸುತ್ತಿದ್ದ ಕೈ ಒಂದು ಕ್ಷಣ ನಿಂತು ಮತ್ತೆ ಬಿಡಿಸತೊಡಗಿತು. ಊರಿನವರು ಬುಟ್ಟಿಯಲ್ಲಿ ಹಣ್ಣು ಕಳಿಸಿದರು, ಸೊಸೆಯ ಹೆಸರಿನಲ್ಲಿ ಕರುಣೆ ಕಳಿಸಿದರು. ಭಾನುವಾರ ಗಂಟೆ ಹೊಡೆದಾಗ ನಾನು ಒಳಗೇ ಕೂತಿದ್ದೆ. ಬೀದಿಯ ಜಪಸರವನ್ನು ಬೇರೆ ಯಾರೋ ಶುರುಮಾಡಿದರು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇವಳ ಚಿಂತೆಯಿಂದ ನನಗೂ ನಿದ್ದೆ ಹೋಯಿತಲ್ಲ ಎಂದುಕೊಂಡೆ.

ಹೆರಿಗೆಗೆ ಇನ್ನೂ ಕಾಲವಿದೆ ಎಂದುಕೊಂಡಿರುವಾಗಲೇ ಒಂದು ಬೆಳಿಗ್ಗೆ ಲೂಸಿಯಾ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದಳು. ಸೀರೆ ನೆನೆದಿತ್ತು. "ಅತ್ತೆ, ನೀರು ಹೋಯ್ತು" ಅಂದಳು. ಬೆಳಕಿಂಡಿಯ ಕೆಳಗೆ ಒರಳುಕಲ್ಲನ್ನು ಉರುಳಿಸಿಕೊಂಡು ಹತ್ತಿ, ಸರಳಿಗೆ ಮುಖ ಒತ್ತಿ, "ರಾಯಪ್ಪಾ, ಸೂಲಗಿತ್ತೀನ ಕರ್ಕೊಂಡು ಬಾರೋ" ಎಂದು ಕೂಗಿದೆ. ಅವನು ಕೀಸುಳಿ ಕೈಯಲ್ಲಿ ಹಿಡಿದೇ ಓಡಿಬಂದು, "ಬ್ರಿಜಿತಮ್ಮನ್ನಾ?" ಎಂದು ಕೇಳಿದ. "ಊರಲ್ಲಿ ಇನ್ನೆಷ್ಟು ಜನ ಸೂಲಗಿತ್ತಿಯರಿದ್ದಾರೋ ನಿಂಗೆ? ಹೋಗೋ!" ಅಂದೆ. ಅವಳು ಬರುತ್ತಾಳೋ ಇಲ್ಲವೋ ಎಂದು ನನಗೂ ಅನುಮಾನವಿತ್ತು. ಬಂದಳು. ದಾರಿಯಲ್ಲೇ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು, ಬಂದವಳು ಬಾಗಿಲನ್ನು ಒಮ್ಮೆ ದೂಡಿ ನೋಡಿದಳು.

"ಎಷ್ಟು ಹೊತ್ತಿಗೊಮ್ಮೆ ನೋವು?" ಎಂದಳು. ಇಷ್ಟು ವರ್ಷಕ್ಕೆ ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಹೇಳಿದೆ. "ಹಾಗಾದ್ರೆ ಬೇಗ ಆಗೋ ಹಾಗಿದೆ" ಎಂದಳು. "ಕೂಸು ತಿರುಗಿದೆಯೋ ಇಲ್ವೋ ಮುಟ್ಟಿ ನೋಡದೆ ನಾನು ಹೇಳೋಕಾಗಲ್ಲ. ಬಾಗ್ಲು ತೆಗೀಬೇಕು." ನಾನು ಲೂಸಿಯಾಳ ಹತ್ತಿರ ಓಡಿದೆ. ಅವಳ ಮುಂದೆ ಮೊಣಕಾಲೂರಿ, ಎರಡೂ ಕೆನ್ನೆ ಹಿಡಿದು, "ನೋಡು ಮಗಳೇ, ಈಗ ಹೆದರಬಾರದು. ನೀನು ಹೆದರೋದು ಬಿಟ್ರೆ ಬಾಗ್ಲು ತೆರೆಯುತ್ತೆ, ಬ್ರಿಜಿತ ಒಳಗೆ ಬರ್ತಾಳೆ. ಇಲ್ಲದಿದ್ರೆ ನಿನಗೂ ಕೂಸಿಗೂ..." ಎಂದು ಹೇಳಿ ಮುಂದಿನದನ್ನು ನುಂಗಿದೆ. "ಸರ್ವೇಶ್ವರನ ಮೇಲೆ ಭಾರ ಹಾಕು, ಲೂಸಿಯಾ. ನಿನ್ನ ಕಾಲಿಗೆ ಬೀಳ್ತೀನಿ, ಹೆದರಬೇಡ" ಅಂದೆ.

ಅವಳಿಗೆ ಆಗತಾನೇ ಒಂದು ನೋವು ಬಂದು ಹೋಗಿತ್ತು. ಹಣೆಯ ಮೇಲೆ ಬೆವರು. ಆದರೂ ಮುಖದಲ್ಲಿ ಒಂದು ನಿರಾಳವಿತ್ತು. ಅದನ್ನು ಅಷ್ಟು ದಿನವೂ ನೋಡಿದ್ದೆ, ನೋಡಿಯೂ ನೋಡಿರಲಿಲ್ಲ. "ಅತ್ತೆ," ಅಂದಳು, "ಬಾಗ್ಲು ಹಿಡಿದಿರೋದು ನನ್ನಿಂದ ಅಲ್ಲ."

"ಮತ್ತೆ ಯಾರಿಂದ? ಈ ಮನೇಲಿ ಇನ್ಯಾರಿದ್ದಾರೆ?" ಎಂದೆ. ಎಂದ ಮೇಲೆ ನನ್ನ ಕಿವಿಗೇ ಆ ಮಾತು ಬಿತ್ತು.

ಅವಳು ನನ್ನ ಕೈ ಹಿಡಿದುಕೊಂಡಳು. "ಹಿಡಿದ ವಾರವೇ ಒಂದಿನ ಮಧ್ಯಾಹ್ನ ನಿಮಗೆ ಜೊಂಪು ಹತ್ತಿತ್ತು. ಬಾಗ್ಲು ಕಿರ್ ಅಂತು. ಹೋಗಿ ಎಳೆದೆ, ಬಂತು. ಹೊರಗೆ ಜಗಲಿ ಮೇಲೆ ಹೋಗಿ ಕೂತೆ, ಬಿಸಿಲು ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ನೀವು ನಿದ್ದೇಲಿ ನರಳಿದ್ರಿ. ಬಾಗ್ಲು ಅಲುಗಾಡ್ತು. ಬೇಗ ಬೇಗ ಒಳಗೆ ಬಂದೆ. ಬಂದ ಮೇಲೆ ಹಿಡ್ಕೊಂಡುಬಿಡ್ತು." ಅವಳು ಉಸಿರು ತೆಗೆದುಕೊಂಡಳು. "ನಾನೂ ಹೆದರಿದ್ದೆ ಅತ್ತೆ. ಅವರು ಬರಲಿಲ್ಲವಲ್ಲ ಅಂತ ಮೊದಲ ವಾರವೆಲ್ಲ ದಿಂಬಿಗೆ ಮುಖ ಒತ್ತಿ ದೇವರ ಹತ್ರ ಜಗಳ ಆಡಿದೆ, ಅತ್ತೆ. ಎಲ್ಲಾನೂ ಹೇಳ್ಕೊಂಡೆ. ಆಮೇಲೆ ಸಮಾಧಾನ ಆಯ್ತು. ನೀವು ಒಂದಿನಾನೂ ಹೇಳ್ಕೊಳ್ಳಲಿಲ್ಲ. ಅವರ ಹೆಸರನ್ನೇ ನೀವು ಎತ್ತಿಲ್ಲ."

"ಜಗಲಿಗೆ ಹೋದವಳು ಯಾಕೆ ಒಳಗೆ ಬಂದೆ?" ಎಂದೆ. ನನಗೆ ಕೇಳಲು ಸಿಕ್ಕಿದ್ದು ಅದೊಂದೇ.

"ನಿಮ್ಮನ್ನೊಬ್ಬರನ್ನೇ ಒಳಗೆ ಬಿಟ್ಟು ಹೋಗ್ಲಾ?" ಅಂದಳು.

ನೋಡಿ, ನನಗೆ ಬೈಗುಳ ತಿಂದು ಗೊತ್ತಿದೆ, ಬೈದೂ ಗೊತ್ತಿದೆ. ಆದರೆ ಆ ಮಾತಿನ ಮುಂದೆ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಈ ಹುಡುಗಿ ನನ್ನ ಹೆದರಿಕೆಯನ್ನು ತನ್ನ ಹೆಸರಿಗೆ ಬರೆಸಿಕೊಂಡು, ಊರಿಗೆಲ್ಲ ಪುಕ್ಕಲಿ ಅನ್ನಿಸಿಕೊಂಡು, ನನ್ನ ಕೈಯಿಂದಲೇ ದಿನಕ್ಕೆ ಹತ್ತು ಸಲ ಧೈರ್ಯ ಹೇಳಿಸಿಕೊಂಡು ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಹೊರಗೆ ಬ್ರಿಜಿತಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಹಾಗಾದ್ರೆ ನೀನು ಮಲಗೇ ಮದಲೇನ! ನೀನು ಮಲಗಿದ್ರೆ ಬಾಗ್ಲು ತೆರೆಯುತ್ತೆ!" ಎಂದು ಬಾಗಿಲಿಗೆ ಗುದ್ದಿದಳು. ಇಂಥ ಹೊತ್ತಿನಲ್ಲಿ ಯಾವ ಹೆಂಗಸಿಗೆ ನಿದ್ದೆ ಬಂದೀತು? ನಾನು ಜಪಸರ ತೆಗೆದುಕೊಂಡು ಬಾಗಿಲ ಮುಂದೆ ಕುಕ್ಕರಿಸಿ, ಒಂದು ಮಣಿ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಾ, ನಮೋ ಮರಿಯೆ ನಮೋ ಮರಿಯೆ ಎಂದು ಬಡಬಡಿಸತೊಡಗಿದೆ. ವಿಶ್ವಾಸ ಇಟ್ಟೋರ ಬಾಗ್ಲು ಹಿಡಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ಬಾಗಿಲು ಚೌಕಟ್ಟಿನೊಳಗೆ ನರಳುತ್ತಾ ಇನ್ನಷ್ಟು ಬಿಗಿಯಿತು. ಮೇಲಿನ ಗಾರೆ ಉದುರಿ ನನ್ನ ತಲೆಯ ಮೇಲೆ ಬಿತ್ತು.

"ಸಾಕು ನಿಲ್ಸು" ಎಂದಳು ಬ್ರಿಜಿತಮ್ಮ. ಈಗ ಅವಳ ದನಿ ತಗ್ಗಿತ್ತು, ಬಾಗಿಲಿಗೆ ಬಾಯಿ ಹಚ್ಚಿ ಮಾತಾಡುತ್ತಿದ್ದಿರಬೇಕು. "ಏನಂತ ಹೆದರ್ಕೊಂಡಿದ್ದೀಯ? ಬಾಯಿಬಿಟ್ಟು ಹೇಳು."

ನಾನು ಜಪಸರವನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ.

"ಹೇಳು ಮದಲೇನ."

"ನನ್ನ ಚೌರಿ ಸತ್ತುಹೋಗಿದ್ದಾನೆ ಅಂತ" ಅಂದೆ. ಅಂದ ಕೂಡಲೇ ಹೊಟ್ಟೆಯೊಳಗಿಂದ ಒಂದು ಕೂಗು ಕಿತ್ತುಕೊಂಡು ಬಂತು. ಗಂಡ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ. "ಗುಡ್ಡದ ಆಚೆ ಎಲ್ಲೋ ರಸ್ತೇಲಿ ಬಿದ್ದಿದ್ದಾನೆ ಅಂತ. ಮಣ್ಣು ಮಾಡೋಕೂ ಯಾರೂ ಇಲ್ಲ ಅಂತ. ದಿನಾ ರಾತ್ರಿ ಕಣ್ಣಿಗೆ ಕಟ್ತಾನೆ ಕಣೇ. ಪ್ರಾರ್ಥನೆ ಮಾಡ್ತೀನಿ, ದೇವರು ಕೇಳಿಸ್ಕೊಳ್ತಾನೋ ಇಲ್ವೋ ಅಂತಾನೂ ಹೆದರಿಕೆ."

"ಹ್ಞೂ," ಅಂದಳು ಬ್ರಿಜಿತಮ್ಮ. "ಅದಕ್ಕೆ ಹೆದರದೆ ಇರೋ ತಾಯಿ ಯಾವಳು?"

ನಾನು ಕಣ್ಣೊರೆಸಿಕೊಂಡು ಬಾಗಿಲನ್ನು ಎಳೆದೆ. ಅದು ಬರಲಿಲ್ಲ. "ಎಲ್ಲಾ ಹೇಳಿದ್ನಲ್ಲೇ, ಇನ್ನೂ ತೆರೀತಿಲ್ಲ! ಬ್ರಿಜಿತಾ, ತೆರೀತಿಲ್ಲ!"

"ತೆರೀದಿದ್ರೆ ಬಿಡು" ಎಂದು ಗದರಿದಳು. "ಯೇಸುಸ್ವಾಮಿ ಶಿಲುಬೆ ಮೇಲೆ ಸತ್ತ ಮೇಲೆ ಶಿಷ್ಯರು ಏನ್ ಮಾಡಿದ್ರು? ಹೆದರ್ಕೊಂಡು ಬಾಗ್ಲು ಹಾಕ್ಕೊಂಡು ಕೂತಿದ್ರು, ನಮ್ಮೂರೋರ ಥರಾನೇ. ಸತ್ತು ಎದ್ದ ಸ್ವಾಮಿ ಬಂದು ಬಾಗ್ಲು ತಟ್ಟಿದ್ರಾ? ಮೊದಲು ಧೈರ್ಯ ತಂದ್ಕೊಂಡು ಬಾಗ್ಲು ತೆಗೀರಿ, ಆಮೇಲೆ ಬರ್ತೀನಿ ಅಂದ್ರಾ? ಹಾಕಿದ ಬಾಗ್ಲು ಹಾಕಿದ ಹಾಗೇ ಇತ್ತು, ಬಂದು ನಡುವೆ ನಿಂತು, ನಿಮಗೆ ಸಮಾಧಾನ ಅಂದ್ರು. ವಾರ ಆಯ್ತು, ಅವರನ್ನ ಕಣ್ಣಾರೆ ಕಂಡ ಮೇಲೂ ಮತ್ತೆ ಬಾಗ್ಲು ಹಾಕ್ಕೊಂಡೇ ಕೂತಿದ್ರು. ಮತ್ತೂ ಬಂದ್ರು. ಇನ್ನೂ ಯಾಕ್ರಯ್ಯಾ ಬಾಗ್ಲು ಹಾಕಿದ್ದೀರಿ ಅಂತ ಒಂದು ಮಾತು ಬೈದ್ರಾ?" ಅವಳು ದನಿ ತಗ್ಗಿಸಿದಳು. "ನನ್ನ ಬಾಗ್ಲು ಹಿಡಿದಿದ್ದಾಗ ನೀನು ಆಚೆ ನಿಂತು ವಿಶ್ವಾಸ ವಿಶ್ವಾಸ ಅಂತ ಕಿರುಚ್ತಿದ್ದೆ. ನಂಗೆ ಇನ್ನೂ ಜಾಸ್ತಿ ಹೆದರಿಕೆ ಆಗೋದು. ಒಳಗೆ ಬಂದು ನನ್ನ ಪಕ್ಕ ಕೂತವರು ಆ ಸ್ವಾಮಿ. ಈಗ ಎದ್ದೇಳು. ಹೆದರ್ಕೊಂಡೇ ಕೈ ತೊಳ್ಕೊ. ನೀರು ಕಾಯೋಕಿಡು."

ಆ ಹೊತ್ತಿಗೆ ನನಗೆ ಏನಾಯಿತು ಎಂದು ಹೇಳುತ್ತೇನೆ, ನಂಬುವವರು ನಂಬಲಿ. ಹೆದರಿಕೆ ಹೋಗಲಿಲ್ಲ. ಅದು ಎಲ್ಲಿತ್ತೋ ಅಲ್ಲೇ ಇತ್ತು, ಎದೆಯ ನಡುವೆ. ಆದರೆ ಅದರ ಜೊತೆ ನಾನು ಒಬ್ಬಳೇ ಇರಲಿಲ್ಲ. ಜ್ವರದಲ್ಲಿ ಮಲಗಿದಾಗ ಯಾರೋ ಬಂದು ಮಂಚದ ತುದಿಯಲ್ಲಿ ಕೂತರೆ, ಕಣ್ಣು ತೆರೆಯದೆಯೇ ಗೊತ್ತಾಗುತ್ತದಲ್ಲ, ಹಾಗೆ. ಜ್ವರ ಇಳಿದಿರುವುದಿಲ್ಲ, ಆದರೂ ಸಾಕು ಅನ್ನಿಸುತ್ತದೆ. ವರ್ಷಗಟ್ಟಲೆ ನಾನು ಊರಿಗೆಲ್ಲ ಹಂಚಿದ್ದು ಇದನ್ನಲ್ಲ. ನನ್ನ ಹತ್ತಿರ ಇದು ಇರಲೇ ಇಲ್ಲ. "ಬಂದೆಯಾ ಸ್ವಾಮಿ" ಎಂದು ಬಾಯಲ್ಲಿ ಅಂದೆ, ಎದ್ದೆ, ನೀರು ಕಾಯಲು ಇಟ್ಟೆ.

ಬ್ರಿಜಿತಮ್ಮ ಹೇಳಿದ ಹಾಗೆ ಲೂಸಿಯಾಳನ್ನು ಬಾಗಿಲಿಗೆ ಬೆನ್ನು ಕೊಟ್ಟು ಕೂರಿಸಿದೆ, ಅವಳ ಮಾತು ಇವಳ ಕಿವಿಯ ಹತ್ತಿರವೇ ಕೇಳಲಿ ಎಂದು. ಹೊಟ್ಟೆಯ ಮೇಲೆ ಕೈ ಇಟ್ಟು ತಲೆ ಯಾವ ಕಡೆ, ಬೆನ್ನು ಯಾವ ಕಡೆ ಎಂದು ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ತಲೆ ಕೆಳಗಿತ್ತು. "ಸ್ತೋತ್ರ ಸ್ವಾಮಿ" ಎಂದು ಹೊರಗಿನಿಂದ ಕೇಳಿಸಿತು. ಲೂಸಿಯಾ ಕಿರುಚಿದಾಗ ಬ್ರಿಜಿತಮ್ಮ ಅವಳಿಗೆ ಉಸಿರು ಹೇಳಿಕೊಟ್ಟಳು, ನಾನು ಗಾಬರಿಯಾದಾಗ ನನಗೂ ಹೇಳಿಕೊಟ್ಟಳು. "ಬ್ರಿಜಿತಾ, ಈಗೇನು ಮಾಡ್ಲಿ? ಬ್ರಿಜಿತಾ, ರಕ್ತ ಬರ್ತಿದೆ! ಬ್ರಿಜಿತಾ, ಇದ್ದೀಯೇನೇ?" ಎಂದು ನಾನು ಕೂಗಿದ್ದು ಎಷ್ಟು ಸಲವೋ. "ಇದ್ದೀನಿ, ಎಲ್ಲಿಗೆ ಹೋಗ್ಲಿ" ಎಂದು ಪ್ರತಿ ಸಲವೂ ಹೇಳಿದಳು. ಹೆದರಿಕೆಯೂ ಇತ್ತು, ಕೈ ಕೆಲಸವನ್ನೂ ಮಾಡುತ್ತಿತ್ತು.

ಬಿಸಿಲು ಬೆಳಕಿಂಡಿಯಿಂದ ಗೋಡೆಯ ಬುಡಕ್ಕೆ ಇಳಿಯುವ ಹೊತ್ತಿಗೆ ಕೂಸು ಬಂತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಬೆರಳು ತೂರಿಸಿ ತಲೆಯ ಮೇಲಿಂದ ತೆಗೆ ಎಂದಳು, ತೆಗೆದೆ. ಹೆಣ್ಣುಕೂಸು. ನೇರಳೆಹಣ್ಣಿನ ಬಣ್ಣ. ಅಳಲಿಲ್ಲ. ಬಾಯೊಳಗೆ ಬೆರಳು ಹಾಕಿ ಲೋಳೆ ತೆಗೆ ಎಂದಳು, ತೆಗೆದೆ. ಬೆನ್ನು ಉಜ್ಜು ಎಂದಳು, ಉಜ್ಜಿದೆ. ಮಗುಚಿ ಹಿಡಿದು ಮತ್ತೆ ಉಜ್ಜಿದೆ. ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋತುಬಿದ್ದಿತ್ತು. ಲೂಸಿಯಾ ಬಾಗಿಲಿಗೆ ತಲೆಯೊರಗಿಸಿಕೊಂಡು ಕಣ್ಣಲ್ಲೇ ನನ್ನನ್ನು ಕೇಳುತ್ತಿದ್ದಳು. ನಾನು ಉಜ್ಜುತ್ತಲೇ ಇದ್ದೆ.

ಆಮೇಲೆ ಬ್ರಿಜಿತಮ್ಮ ಮೆಲ್ಲಗೆ, "ನೀರು ಹಾಕು, ಮದಲೇನ" ಅಂದಳು.

ನಮ್ಮವರಲ್ಲಿ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಉಳಿಯದ ಕೂಸಿಗೆ ಪಾದ್ರಿ ಸ್ವಾಮಿಗಳು ಬರುವ ತನಕ ಕಾಯುವಂತಿಲ್ಲ. ಇದ್ದವರೇ ನೀರು ಹಾಕಿ ಜ್ಞಾನಸ್ನಾನ ಕೊಟ್ಟು ಕಳಿಸಬೇಕು. ಮಡಕೆಗೆ ಚೊಂಬು ಅದ್ದಿದೆ. ಎಡಗೈಯಲ್ಲಿ ಕೂಸು. ನೀರು ಹಾಕುವಾಗ ಹೆಸರು ಹೇಳಬೇಕು, ಹೆಸರನ್ನು ನಾವು ಯೋಚಿಸಿಯೇ ಇರಲಿಲ್ಲ. ಬೆಳಗಿನಿಂದ ನನ್ನ ನಾಲಿಗೆಯ ಮೇಲೆ ಇದ್ದದ್ದು ಒಂದೇ ಹೆಸರು. "ಬ್ರಿಜಿತಾ," ಅಂದೆ, "ನಿನಗೆ ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಜ್ಞಾನಸ್ನಾನ ಕೊಡ್ತೀನಿ." ಪಿತನ ಹೆಸರಿಗೆ ಒಂದು ಧಾರೆ, ಸುತನ ಹೆಸರಿಗೆ ಒಂದು. ಮೂರನೆಯದಕ್ಕೆ ಚೊಂಬು ವಾಲಿ ಅದರ ತಣ್ಣೀರು ಪೂರ್ತಿ ಕೂಸಿನ ಮುಖ, ಎದೆಯ ಮೇಲೆಲ್ಲ ಸುರಿಯಿತು. ಅದು ಬೆಚ್ಚಿಬಿದ್ದು ಉಸಿರೆಳೆದುಕೊಂಡಿತು. ಕೈ ಎರಡನ್ನೂ ಅಗಲಿಸಿ, ಯಾರು ನನ್ನನ್ನು ಎಬ್ಬಿಸಿದ್ದು ಎಂದು ಕೇಳುವ ಹಾಗೆ ಅಳತೊಡಗಿತು. ಅಯ್ಯೋ ಯೇಸುವೇ, ಆ ಅಳು! ಬೀದಿಗೆಲ್ಲ ಕೇಳಿಸಿತು. ರಾಯಪ್ಪ ಹೊರಗೆ ಕೀಸುಳಿ ಎಸೆದು ಕುಣಿದನಂತೆ. ಲೂಸಿಯಾ ಎರಡೂ ಕೈ ಚಾಚಿದಳು, ಕೂಸನ್ನು ಅವಳ ಎದೆಯ ಮೇಲೆ ಇಟ್ಟು ನಾನು ನೆಲದ ಮೇಲೆ ಕೂತುಬಿಟ್ಟೆ.

ಬಳ್ಳಿ ಕಟ್ಟುವುದು, ಕೊಯ್ಯುವುದು ಎಲ್ಲ ಮುಗಿದ ಮೇಲೆ ಬ್ರಿಜಿತಮ್ಮ ಕೇಳಿದಳು: "ನೀರು ಹಾಕುವಾಗ ನನ್ನನ್ನ ಯಾಕೆ ಕರೆದೆ?"

"ನಿನ್ನನ್ನ ಕರೆದದ್ದಲ್ಲ ಕಣೇ. ಹೆಸರಿಟ್ಟೆ."

"ಥೂ, ಬೇರೆ ಹೆಸರೇ ಸಿಗಲಿಲ್ವಾ ನಿಂಗೆ" ಎಂದಳು ಬ್ರಿಜಿತಮ್ಮ. ಮೂಗು ಕಟ್ಟಿಕೊಂಡವರ ದನಿ. "ಮನೆಗೆ ಹೋಗಿ ಪತ್ಯಕ್ಕೆ ಮೆಣಸಿನ ಸಾರು ಕಳಿಸ್ತೀನಿ, ಬುಟ್ಟಿ ಇಳಿಬಿಡು" ಎಂದು ಹೇಳಿ ಮೂಗು ಒರೆಸಿಕೊಳ್ಳುತ್ತಾ ಹೋದಳು.

ಬಾಗಿಲು ಅವತ್ತು ತೆರೆಯಲಿಲ್ಲ. ಮರುದಿನವೂ ತೆರೆಯಲಿಲ್ಲ. ರಾಯಪ್ಪ ಬೆಳಕಿಂಡಿಯ ಕೆಳಗೆ ನಿಂತು, "ಸೊಸೆಗೆ ಈಗ ಭಯ ಹೋಯ್ತೇನಕ್ಕಾ?" ಎಂದು ಕೇಳಿದ. "ಸೊಸೆಗಲ್ಲಪ್ಪಾ, ಭಯ ನನಗೆ. ಮಗ ಬಂದಿಲ್ಲ, ನನಗೆ ಹೆದರಿಕೆ" ಎಂದೆ, ಬೀದಿಗೆಲ್ಲ ಕೇಳುವ ಹಾಗೆ. ಎದುರು ಮನೆಯವರು ಬೆಳಕಿಂಡಿಗೆ ಬಂದು ನೋಡಿದರು. ನೋಡಲಿ ಎಂದು ನಾನೂ ಅಲ್ಲೇ ನಿಂತಿದ್ದೆ. ನಮ್ಮ ಗುಡಿಯ ಪಾದ್ರಿ ಇನ್ನಾಸಪ್ಪ ಸ್ವಾಮಿಗಳು ಸುದ್ದಿ ಕೇಳಿ ಬಂದರು. ನೀರು ಹಾಕಿದ ಬಗೆಯನ್ನು ವಿವರವಾಗಿ ಕೇಳಿ, "ಸರಿಯಾಗಿದೆ ಮದಲೇನಮ್ಮ, ಮತ್ತೊಂದು ಸಲ ಹಾಕೋ ಹಾಗಿಲ್ಲ. ಹೆಸರೂ ಅದೇ" ಎಂದು ನಕ್ಕರು. ನಾನು ನಗಲಿಲ್ಲ. "ಸ್ವಾಮಿ, ನಾನು ಪೂಜೆಗೆ ಬರೋಕಾಗ್ತಿಲ್ಲ" ಅಂದೆ. ಅವರು ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಹಾಗಾದ್ರೆ ಪೂಜೇನೇ ಇಲ್ಲಿಗೆ ಬರುತ್ತೆ" ಅಂದರು.

ಭಾನುವಾರ ಬೆಳಿಗ್ಗೆ ಗುಡಿಯ ಮೇಜನ್ನು ನಾಲ್ಕು ಜನ ಹೊತ್ತು ತಂದು ನಮ್ಮ ಬಾಗಿಲ ಮುಂದೆ ಬೀದಿಯಲ್ಲೇ ಇಟ್ಟರು. ಬಾಗಿಲು ಹಿಡಿಯದವರು ಚಾಪೆ ಹಾಕಿ ಕೂತರು, ಹಿಡಿದ ಮನೆಗಳವರು ಬೆಳಕಿಂಡಿಗಳಲ್ಲಿ ಮುಖ ಇಟ್ಟರು. ಬಿನ್ನಹದ ಹೊತ್ತಿಗೆ ಸ್ವಾಮಿಗಳು ಗುಡ್ಡದ ಆಚೆ ಇರುವವರ ಹೆಸರುಗಳನ್ನು ಹೇಳಿ ಎಂದಾಗ ನಾನು ಸರಳಿಗೆ ಬಾಯಿ ಹಚ್ಚಿ, "ನನ್ನ ಮಗ ಚೌರಪ್ಪ" ಅಂದೆ. "ಕರ್ತರೇ, ಕರುಣಿಸಿರಿ" ಎಂದು ಬೀದಿಗೆ ಬೀದಿಯೇ ಅಂದಿತು. ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುವ ಹೊತ್ತು ಬಂತು. ಗುಡಿಯಲ್ಲಾದರೆ ಪಕ್ಕದವರ ಕೈ ಹಿಡಿಯುತ್ತೇವೆ. ನಾನು ಒಳಗೆ ನಿಂತು ಏನು ಮಾಡಲಿ ಎಂದುಕೊಳ್ಳುತ್ತಿರುವಾಗ ಬಾಗಿಲ ಮೇಲೆ ಅಂಗೈ ಇಟ್ಟ ಸದ್ದಾಯಿತು. "ಸಮಾಧಾನ, ಮದಲೇನ" ಎಂದಳು ಬ್ರಿಜಿತಮ್ಮ. ಆ ಸದ್ದು ಬಂದ ಜಾಗಕ್ಕೆ ಒಳಗಿನಿಂದ ನನ್ನ ಅಂಗೈ ಇಟ್ಟೆ. ಪಕ್ಕದಲ್ಲಿ ಇನ್ನೊಂದು ಕೈ ಬಿತ್ತು, ರಾಯಪ್ಪನದು. ಅದರ ಪಕ್ಕ ಇನ್ನೊಂದು. ಎತ್ತರದಲ್ಲಿ, ತಗ್ಗಿನಲ್ಲಿ, ಮಕ್ಕಳ ಪುಟ್ಟ ಕೈಗಳು ಬಾಗಿಲ ಬುಡದಲ್ಲಿ. ಬಾಗಿಲಿಗೆ ಜಾಗ ಸಿಗದವರು ಮುಂದಿನವರ ಬೆನ್ನ ಮೇಲೆ ಕೈ ಇಟ್ಟರು. ಲೂಸಿಯಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ನನ್ನ ಪಕ್ಕ ನಿಂತು ತಾನೂ ಕೈ ಇಟ್ಟಳು.

ಅದೇ ಹೊತ್ತಿಗೆ ಗುಡ್ಡದ ಕಡೆಯಿಂದ ಆ ಸದ್ದು ಬಂತು. ಅಷ್ಟು ಹತ್ತಿರದಲ್ಲಿ ಅದನ್ನು ನಾವು ಹಿಂದೆಂದೂ ಕೇಳಿರಲಿಲ್ಲ. ಚಪ್ಪಡಿ ಅದುರಿತು. ಹೊರಗೆ ಯಾವುದೋ ಮಗು ಚೀರಿತು. ಈಗ ಎಲ್ಲರೂ ಎದ್ದುಬಿದ್ದು ಓಡುತ್ತಾರೆ, ಓಡಲಿ, ಅವರವರ ಮನೆಗಳಲ್ಲಿ ಅವರವರ ಮಕ್ಕಳಿದ್ದಾರೆ ಎಂದುಕೊಂಡು ಕಾದೆ. ಯಾರೂ ಓಡಲಿಲ್ಲ. ಬಾಗಿಲ ಆಚೆ ಒಂದು ಕೈಯೂ ಸರಿಯಲಿಲ್ಲ. ಅವರೆಲ್ಲ ಹೆದರಿದ್ದರು, ಅವರ ಉಸಿರಾಟ ನನಗೆ ಕೇಳಿಸುತ್ತಿತ್ತು. ನಾನೂ ಹೆದರಿದ್ದೆ. "ನಿಮಗೂ ಸಮಾಧಾನ" ಎಂದೆ. ಕೈ ಅಲ್ಲೇ ಇಟ್ಟಿದ್ದೆ.